ಹಲಗೆಯ ಮೇಲೆ ಐದನೆಯ ಬಣ್ಣ

ಚನ್ನಪಟ್ಟಣ
೧೨ ಜುಲೈ ೧೯೧೬

ಮಗಳು ಗಿರಿಜಾಂಬಳಿಗೆ ನಿನ್ನ ಅಪ್ಪ ಹರಸಿ ಬರೆದದ್ದು.

ನಿನ್ನ ಕಾಗದ ಬಂತು. ಆರು ತುಂಬುತ್ತಿದೆ, ಊಟ ಸೇರುತ್ತಿದೆ, ಕಾಲು ಒಸಿ ಊದಿಕೊಳ್ಳುತ್ತೆ, ಗಾಬರಿ ಬೇಡ ಎಂದು ಬರೆದಿದ್ದೀಯೆ. ಒಸಿ ಎಂದರೆ ಎಷ್ಟು ಎಂಬುದನ್ನು ಬರೆದಿಲ್ಲ. ಕಾಲುಂಗುರ ಬಿಗಿಯಾಗುವಷ್ಟೋ, ಅದಕ್ಕಿಂತ ಹೆಚ್ಚೋ? ಸರಿಯಾಗಿ ನೋಡಿ ಬರೆ. ನಾನು ಎರಡು ದಿನ ಅದನ್ನೇ ಯೋಚಿಸುತ್ತ ಒಂದೇ ಸಾಲನ್ನು ಲೆಕ್ಕದ ಪುಸ್ತಕದಲ್ಲಿ ಎರಡು ಸಲ ಬರೆದು, ಜೊತೆಯ ಗುಮಾಸ್ತ ಕರೀಂ ಕೈಲಿ ಸಿಕ್ಕಿಬಿದ್ದೆ.

ನಿನಗೆ ಏಳನೆಯ ತಿಂಗಳು ಭೀಮನ ಅಮಾವಾಸ್ಯೆ ಕಳೆದ ಮೇಲೆ ಬೀಳುತ್ತದೆ. ಚೊಚ್ಚಲ ಬಸುರಿಯನ್ನು ತವರಿಗೆ ಕರೆತಂದರೆ ಏಳರಲ್ಲಿ ತರಬೇಕು, ಇಲ್ಲವೆ ಒಂಬತ್ತರಲ್ಲಿ; ಎಂಟು ಕೂಡದು, ತಂದೆಯೋ ಅಣ್ಣನೋ ಹೋಗಿಯೇ ಕರೆಯಬೇಕು ಎಂದು ನಿನ್ನ ಸೋದರತ್ತೆ ಚನ್ನಬಸಮ್ಮ ದಿನಕ್ಕೊಂದು ಸಲ ನೆನಪು ಮಾಡುತ್ತಾಳೆ. ನಾನು ಮರೆತರೆ ತಾನೆ! ಶ್ರಾವಣದ ಎರಡನೆಯ ಸೋಮವಾರ ಇಲ್ಲಿಂದ ಗಾಡಿ ಕಟ್ಟಿಸುತ್ತೇನೆ. ಕಾನಕಾನಹಳ್ಳಿ ಛತ್ರದಲ್ಲಿ ಒಂದು ರಾತ್ರಿ ತಂಗಿ, ಮಂಗಳವಾರ ನಿಮ್ಮ ದೊಡ್ಡಆಲಹಳ್ಳಿಗೆ ಬರುತ್ತೇನೆ. ಹೋಗಲು ಎರಡು ದಿನ, ಅಲ್ಲಿ ಒಂದು, ನಿನ್ನನ್ನು ಕೂರಿಸಿಕೊಂಡು ನಿಧಾನವಾಗಿ ಬರಲು ಎರಡು. ಐದು ದಿನ.

ಇಲ್ಲಿ ಒಂದು ಹೊಸ ತಾಪತ್ರಯ ನನ್ನ ತಲೆಗೆ ಬಂದಿದೆ. ನಮ್ಮ ಲೆಕ್ಕದ ಮನೆಯಲ್ಲಿ ನಾವು ಐದು ಜನ ಗುಮಾಸ್ತರು ಐದು ಮಣೆ ಹಾಕಿಕೊಂಡು ಕೂತು ಹನ್ನೊಂದು ಅಂಗಡಿಗಳ ಪುಸ್ತಕ ಬರೆಯುವುದು ನಿನಗೆ ಗೊತ್ತು. ಯಾರಿಗಾದರೂ ರಜ ಬೇಕಾದರೆ ಇಷ್ಟು ದಿನ ಯಜಮಾನ ಪಂಚಾಕ್ಷರಯ್ಯನವರನ್ನು ಕೇಳುತ್ತಿದ್ದರು. ಹೋದ ವಾರ ಅವರು ನನ್ನನ್ನು ಕರೆದು, "ಗವಿಸಿದ್ದಯ್ಯ, ಐದು ಮಣೆ ಅವೆ. ಯಾವತ್ತೂ ನಾಕು ಮಣೆ ಮ್ಯಾಲಾದ್ರೂ ಜನ ಇರ್ಬೇಕು. ಯಾರು ಯಾವತ್ತು ಹೋಯ್ತಾರೆ, ಯಾರು ಉಳೀತಾರೆ, ನೀನೇ ನೋಡ್ಕೊ. ನನ್ ತಲೆ ತಿನ್ನಬ್ಯಾಡ" ಎಂದರು. ಕನ್ನಡ ಮೂರನೆಯ ಕ್ಲಾಸಿಗೇ ಸ್ಕೂಲು ಬಿಟ್ಟವನು ನಾನು. ಇನ್ನೊಬ್ಬರ ದಿನಗಳನ್ನು ಹಿಡಿಯುವುದು ಬಿಡುವುದು ನನಗೆ ಹೇಳಿಮಾಡಿಸಿದ ಕೆಲಸವಲ್ಲ. ಆದರೂ ಸರಿ ಎಂದೆ. ಆಗಲೇ ಮೂವರು ಕೇಳಿದ್ದಾರೆ. ಮೂವರದೂ ಬೇರೆ ಬೇರೆ ಚೀಟಿಯಲ್ಲಿ ಬರೆದಿಟ್ಟಿದ್ದೇನೆ. ಎಲ್ಲ ನಿನ್ನ ಸೋಮವಾರಕ್ಕೆ ಮೊದಲೇ ಮುಗಿಯುತ್ತವೆ. ಚಿಂತೆಯಿಲ್ಲ.

ಕಾಲಿನ ವಿಷಯ ಬರೆ.

ನಿನ್ನ ಅಪ್ಪ
ಗವಿಸಿದ್ದಯ್ಯ

•

ದೊಡ್ಡಆಲಹಳ್ಳಿ
೨೧ ಜುಲೈ ೧೯೧೬

ಅಪ್ಪನವರ ಪಾದಕ್ಕೆ ಗಿರಿಜೆಯ ನಮಸ್ಕಾರ.

ಕಾಲುಂಗುರ ಬಿಗಿಯಾಗಿಲ್ಲ. ಬೆರಳಿನಿಂದ ತೆಗೆದು, ಮತ್ತೆ ಹಾಕಿ ನೋಡಿ ಬರೆಯುತ್ತಿದ್ದೇನೆ. ಇನ್ನು ಆ ಬಗ್ಗೆ ಕೇಳಬಾರದು.

ನೀವು ಬರುವ ದಿನ ತಿಳಿದ ಮೇಲೆ ಇಲ್ಲಿ ಎಲ್ಲರಿಗೂ ಸಡಗರ. ನಮ್ಮತ್ತೆಯವರು ನಿಮಗೆ ಕಜ್ಜಾಯ ಮಾಡಬೇಕೆಂದು ಬೆಲ್ಲ ತೆಗೆದಿಟ್ಟಿದ್ದಾರೆ. ನಿಮ್ಮ ಅಳಿಯಂದಿರು ಮಂಗಳವಾರ ಹೊಲಕ್ಕೆ ಹೋಗದೆ ದಾರಿ ನೋಡುತ್ತಾರಂತೆ. "ಮಾವನೋರು ಬರೋದು ಬಂದ್ಬುಟ್ಟು, ಗಾಡಿ ಇಳೀದೇ ವಾಪಸ್ ಹೊಂಟ್ಬುಡ್ತೀನಿ ಅಂದ್ರೆ ಏನ್ಮಾಡಾದು" ಎಂದು ನಗುತ್ತಾರೆ. ನನ್ನ ಸೀರೆಗಳನ್ನು ಈಗಲೇ ಗಂಟು ಕಟ್ಟಿದ್ದೇನೆ. ಉಟ್ಟುಕೊಳ್ಳಲು ಎರಡು ಮಾತ್ರ ಹೊರಗಿವೆ.

ಚೀಟಿಗಳಲ್ಲಿ ಬರೆದದ್ದು ಸರಿ. ಮೂರನ್ನೂ ಒಂದು ಕಡೆ ಇಟ್ಟು ನೋಡಿದಿರಾ?

ಗಿರಿಜೆ

•

ಚನ್ನಪಟ್ಟಣ
೯ ಆಗಸ್ಟ್ ೧೯೧೬

ಮಗಳು ಗಿರಿಜೆಗೆ ಆಶೀರ್ವಾದ.

ನಿನ್ನೆ ಮಂಗಳವಾರ. ಬರಲಾಗಲಿಲ್ಲ. ಹೋದ ವಾರವೇ ಒಂದು ಕಾರ್ಡು ಹಾಕಬಹುದಿತ್ತು. ಹೇಗಾದರೂ ಮಾಡಿ ಹೊರಡುತ್ತೇನೆ ಎಂದು ಸೋಮವಾರದವರೆಗೂ ತಡೆದೆ. ಅದೂ ತಪ್ಪು.

ಆದದ್ದು ಇಷ್ಟು. ಕರೀಂ ಕೇಳಿದ್ದು ರಂಜಾನಿನ ಚಂದ್ರ ಕಂಡ ಮಾರನೆಯ ದಿನದಿಂದ ಐದು ದಿನ. ಹನುಮಂತಯ್ಯ ಬೈರಮಂಗಲದಲ್ಲಿ ನಾಟಿ ಮುಗಿಸಬೇಕೆಂದು ಭೀಮನ ಅಮಾವಾಸ್ಯೆ ಕಳೆದು ಮೂರನೆಯ ದಿನದಿಂದ ಐದು ದಿನ. ಚೆಲುವಯ್ಯನಿಗೆ ಕ್ಲೋಸ್‌ಪೇಟೆ ಅಮಲ್ದಾರರ ಕಚೇರಿಯಲ್ಲಿ ಜಮೀನಿನ ವಿಚಾರಣೆ. ಅವನು ಕೇಳಿದ್ದು ಆಗಸ್ಟು ಎರಡನೆಯ ತಾರೀಖಿನಿಂದ. ಒಬ್ಬನದು ಚಂದ್ರನ ಮೇಲೆ, ಒಬ್ಬನದು ಪಂಚಾಂಗದ ಮೇಲೆ, ಒಬ್ಬನದು ಇಂಗ್ಲಿಷ್ ಕ್ಯಾಲೆಂಡರಿನ ಮೇಲೆ. ಮೂರು ಚೀಟಿ ಮೂರು ವಾರದಂತೆ ಕಂಡವು. ನೀನು ಕೇಳಿದಂತೆ ಒಂದು ಕಡೆ ಇಟ್ಟು ನೋಡಿದ್ದರೆ ಮೂರೂ ಒಂದೇ ವಾರ.

ಹೋದ ಬುಧವಾರ ಬೆಳಿಗ್ಗೆ ಬಾಗಿಲು ತೆಗೆದರೆ ನಾನು ಮತ್ತು ಮರಿಯಪ್ಪ. ಮೂರು ಮಣೆ ಬರಿದು. ಅದೂ ತಿಂಗಳ ಮೊದಲ ವಾರ. ಹನ್ನೊಂದು ಅಂಗಡಿಗೂ ಹಿಂದಿನ ತಿಂಗಳ ಒಟ್ಟು ಪಟ್ಟಿ ಕಳಿಸಬೇಕು. ಮರಿಯಪ್ಪ ಸುತ್ತ ನೋಡಿ, "ಏನ್ ಅಯ್ನೋರೆ, ಊರಿಗೆ ಮಾರಿ ಬಂದು ಎಲ್ರೂ ಗುಡಿಸಲು ಕಿತ್ಕಂಡ್ ಹೋದಂಗೈತೆ" ಎಂದ. ನನಗೆ ನಗು ಬರಲಿಲ್ಲ. ಹಿರಿಯೂರಿನಂಥ ದೂರದ ಊರಿನಲ್ಲಾದರೆ ಆಳು ಕಳಿಸಿ ಕರೆಸುವಂತಿಲ್ಲ, ಇವರು ಹತ್ತಿರವೇ ಇದ್ದಾರೆ, ಕರೆಸಲೇ ಎಂದು ಯೋಚಿಸಿದೆ. ಹಬ್ಬದ ಮನೆಯಿಂದ, ನಾಟಿ ಗದ್ದೆಯಿಂದ, ಅಮಲ್ದಾರರ ಮುಂದಿನಿಂದ ಯಾರನ್ನು ಎಬ್ಬಿಸುವುದು? ತಪ್ಪು ನನ್ನದು. ಇಬ್ಬರೇ ಬರೆದೆವು. ಅವರು ಬಂದ ಮೇಲೆ ಉಳಿದ ಕೆಲಸದ ಗುಡ್ಡ ಕರಗಿಸಲು ನನ್ನ ಐದು ದಿನಗಳೇ ಬೇಕಾಗಿವೆ.

ಯಜಮಾನರು ಬೈಯಲಿಲ್ಲ. "ಮುಂದೆ ನೋಡ್ಕೊ" ಎಂದರು, ಅಷ್ಟೆ. ಬೈದಿದ್ದರೆ ನಿದ್ರೆಯಾದರೂ ಬರುತ್ತಿತ್ತು.

ಅಮಾವಾಸ್ಯೆಗೆ ಎಂಟನೆಯದು ಹತ್ತುತ್ತದೆ. ಅಷ್ಟರಲ್ಲಿ ಇನ್ನೊಂದು ಸಲ ಐದು ದಿನ ಏಳುವುದು ಸಾಧ್ಯವಿಲ್ಲ. ಒಂಬತ್ತರಲ್ಲಿ ಬರುತ್ತೇನೆ. ಒಳಕೋಣೆಗೆ ಸುಣ್ಣ ಹೊಡೆಸಿದ್ದೇನೆ.

ಅಳಿಯಂದಿರಿಗೂ ಬೀಗಿತಿಯವರಿಗೂ ಏನು ಹೇಳುತ್ತೀಯೋ, ಹೇಳಿ ಕ್ಷಮೆ ಕೇಳು.

ನಿನ್ನ ಅಪ್ಪ

•

ದೊಡ್ಡಆಲಹಳ್ಳಿ
೨೦ ಆಗಸ್ಟ್ ೧೯೧೬

ಅಪ್ಪ,

ಕಾಗದ ಶನಿವಾರ ಸಿಕ್ಕಿತು. ಮಂಗಳವಾರ ಮಧ್ಯಾಹ್ನ ತಲೆ ಬಾಚಿ ಹೂ ಮುಡಿದು ಜಗಲಿಯಲ್ಲಿ ಕೂತವಳು ದೀಪ ಹಚ್ಚುವವರೆಗೂ ಕೂತಿದ್ದೆ. ನಿಮ್ಮ ಅಳಿಯಂದಿರು ಊರ ಮುಂದಿನ ಅರಳಿಕಟ್ಟೆಗೆ ನಾಲ್ಕು ಸಲ ಹೋಗಿ ಬಂದರು. ಬುಧವಾರವೂ ಹೋದರು. ಗುರುವಾರ ಹೋಗಲಿಲ್ಲ. ಇದನ್ನು ಬೇಜಾರಿಗೆ ಬರೆಯುತ್ತಿಲ್ಲ, ಆದದ್ದನ್ನು ಬರೆದೆ.

ಕಜ್ಜಾಯ ನಾವೇ ತಿಂದೆವು. ಚೆನ್ನಾಗಿತ್ತು.

ನಮ್ಮತ್ತೆಯವರು ನಿಮ್ಮನ್ನು ದೂರಲಿಲ್ಲ. ಮೊನ್ನೆ ಮಾತ್ರ ನನ್ನ ತಲೆಗೆ ಎಣ್ಣೆ ಹಚ್ಚುತ್ತ, "ತಾಯಿ ಇಲ್ದ ತವರು. ಬರ್ದಿದ್ರೆ ನಾವಿಲ್ವಾ, ಇಲ್ಲೇ ಆಯ್ತದೆ ಬುಡವ್ವ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನನಗೆ ಮಾತ್ರ ನಮ್ಮ ಮನೆಗೇ ಬರಬೇಕೆಂದಿದೆ ಅಪ್ಪ. ನಾನು ಹುಟ್ಟಿದ್ದು ಆ ಒಳಕೋಣೆಯಲ್ಲಿ.

ಅವ್ವ ತಮ್ಮನನ್ನು ಹೆರಲಾರದೆ ಹೋದದ್ದೂ ಅದೇ ಕೋಣೆಯಲ್ಲಿ ಎಂದು ನನಗೆ ಗೊತ್ತು. ಏಳು ವರ್ಷದವಳು ನಾನು, ಎಲ್ಲ ನೆನಪಿದೆ. ದೀಪಾವಳಿಗೆ ನಾಲ್ಕು ದಿನವಿತ್ತು. ನೀವು ಮಾಗಡಿಯ ಅಂಗಡಿಯ ಪುಸ್ತಕ ಮುಗಿಸಲು ಹೋಗಿದ್ದಿರಿ. ಅವತ್ತಿನ ವಿಷಯ ನಾನು ಯಾವತ್ತೂ ಕೇಳಿಲ್ಲ, ಈಗಲೂ ಕೇಳುತ್ತಿಲ್ಲ.

ಒಂಬತ್ತನೆಯ ತಿಂಗಳು ಮಹಾಲಯ ಅಮಾವಾಸ್ಯೆ ಕಳೆದ ಮಾರನೆಯ ದಿನದಿಂದ. ಗಂಟು ಬಿಚ್ಚಿಲ್ಲ.

ಗಿರಿಜೆ

•

ಚನ್ನಪಟ್ಟಣ
೧೪ ಸೆಪ್ಟೆಂಬರ್ ೧೯೧೬

ಚಿರಂಜೀವಿ ಗಿರಿಜೆಗೆ,

ಮೂರು ವಾರ ಕಾಗದ ಬರೆಯಲಿಲ್ಲ. ಕೆಲಸವಿತ್ತು.

ಈಗ ಇಲ್ಲಿ ರಜದ ವಿಷಯದಲ್ಲಿ ಇನ್ನು ತಪ್ಪಾಗದಂತೆ ಒಂದು ಏರ್ಪಾಟು ಮಾಡಿದ್ದೇನೆ. ಕರೀಮನ ಭಾವಮೈದ ಬೊಂಬೆ ಕಡೆಯುವವನು. ಅವನಿಂದ ಮಾರುದ್ದದ ಒಂದು ಹಲಗೆ ಮಾಡಿಸಿ, ತಿಂಗಳ ದಿನಕ್ಕೊಂದರಂತೆ ತೂತು ಕೊರೆಸಿದೆ. ಪ್ರತಿ ತೂತಿನ ಮೇಲೆ ಇಂಗ್ಲಿಷ್ ತಾರೀಖು, ಕೆಳಗೆ ತಿಥಿ, ಅದರ ಕೆಳಗೆ ಕರೀಂ ಹೇಳಿದ ಚಾಂದ್ ಲೆಕ್ಕದ ದಿನ, ಮೂರೂ ಬರೆದಿದ್ದೇನೆ. ಬೊಂಬೆಗೆ ಹಾಕುವ ಅರಗಿನ ಬಣ್ಣದಲ್ಲೇ ಬೆರಳುದ್ದದ ಗೂಟಗಳು: ಕರೀಮನದು ಹಳದಿ, ಹನುಮಂತಯ್ಯನದು ಕೆಂಪು, ಚೆಲುವಯ್ಯನದು ಹಸಿರು, ಮರಿಯಪ್ಪನದು ಕಪ್ಪು. ರಜ ಬೇಕಾದವನು ಆ ದಿನದ ತೂತಿಗೆ ತನ್ನ ಗೂಟ ಚುಚ್ಚಬೇಕು. ಒಂದು ತೂತಿಗೆ ಒಂದೇ ಗೂಟ ಹಿಡಿಯುವುದು. ಇಬ್ಬರು ಒಂದು ದಿನ ಹೋಗಲು ಮನಸ್ಸು ಮಾಡಿದರೂ ಮರ ಬಿಡುವುದಿಲ್ಲ. ಯಜಮಾನರು ಒಂದು ಗೂಟ ತೆಗೆದು, ಹಾಕಿ, ಮತ್ತೆ ತೆಗೆದು, "ಭೇಷ್" ಎಂದರು.

ದೀಪಾವಳಿಗೆ ಎಲ್ಲ ಅಂಗಡಿಗಳ ಹಳೆ ಪುಸ್ತಕ ಮುಚ್ಚಿ ಹೊಸದು ಪೂಜೆಗಿಡಬೇಕು. ಅದಕ್ಕೆ ಮುಂಚಿನ ಏಳು ದಿನ ಯಾರಿಗೂ ರಜವಿಲ್ಲ ಎಂದು ಆ ಏಳು ತೂತಿಗೆ ಮೇಣ ತುಂಬಿಸಿದ್ದೇನೆ. ಉಳಿದ ದಿನಗಳಲ್ಲಿ ಹನುಮಂತಯ್ಯ ದಸರಾಕ್ಕೆ ಸೆಪ್ಟೆಂಬರ್ ಮೂವತ್ತರಿಂದ ಎಂಟು ದಿನ ಚುಚ್ಚಿದ್ದಾನೆ. ಕರೀಂ ಬಕ್ರೀದಿಗೆ ಆರು, ಅಕ್ಟೋಬರ್ ಎಂಟರಿಂದ ಹದಿಮೂರರವರೆಗೆ. ಚೆಲುವಯ್ಯ ಕೋಡಿಹಳ್ಳಿಯಲ್ಲಿ ಮನೆ ಹೊದಿಕೆ ಹಾಕಿಸಲು ಆರು, ಹದಿನಾಲ್ಕರಿಂದ ಹತ್ತೊಂಬತ್ತರವರೆಗೆ. ಮರಿಯಪ್ಪ ಏನೂ ಕೇಳಲಿಲ್ಲ. ಮನೆಯಲ್ಲಿದ್ದರೆ ಹೆಂಡತಿ ಕೆಲಸ ಹೇಳುತ್ತಾಳಂತೆ. ಹೋದ ಸಲ ನನ್ನ ತಪ್ಪಿನಿಂದ ಎಲ್ಲರಿಗೂ ಮುಜುಗರವಾಗಿತ್ತು. ಅದಕ್ಕೆ ಈ ಸಲ ಯಾರು ಎಷ್ಟು ಕೇಳಿದರೋ ಅಷ್ಟಕ್ಕೂ ಹೂಂ ಎಂದೆ. ಹಲಗೆ ಭರ್ತಿಯಾಗಿದೆ. ನೋಡಲು ಚೆನ್ನಾಗಿದೆ.

ಒಳಕೋಣೆಗೆ ಇನ್ನೊಂದು ಸಲ ಸುಣ್ಣ ಹೊಡೆಸಿದೆ. ಮೊದಲಿನದು ಮಚ್ಚೆ ಮಚ್ಚೆಯಾಗಿತ್ತು. ಈಗಲೂ ಒಂದು ಮೂಲೆ ಮನಸ್ಸಿಗೆ ಬಂದಿಲ್ಲ.

ದೀಪಾವಳಿ ಕಳೆದ ಕೂಡಲೇ ಬರಬಹುದಿತ್ತು. ಅಷ್ಟು ಹೊತ್ತಿಗೆ ನಿನಗೆ ಒಂಬತ್ತು ತುಂಬಿರುತ್ತದೆ, ಗಾಡಿಯಲ್ಲಿ ಕುಲುಕಿಸಿ ತರುವುದು ಸರಿಯಲ್ಲ. ನಿನ್ನ ಅತ್ತೆಯವರು ಹೇಳಿದ್ದನ್ನು ಯೋಚಿಸಿದೆ. ಅವರು ಅನುಭವಸ್ಥರು. ಅಲ್ಲೇ ಆದರೂ ಯಾರೂ ತಪ್ಪು ತಿಳಿಯಲಾರರು. ಸೂಲಗಿತ್ತಿ ಒಳ್ಳೆಯವಳೇ? ವಿಚಾರಿಸಿ ಬರೆ.

ನಿನ್ನ ಅಪ್ಪ

•

ಕಾರ್ಡು
ದೊಡ್ಡಆಲಹಳ್ಳಿ, ೨೧ ಸೆಪ್ಟೆಂಬರ್ ೧೯೧೬

ಮ. ರಾ. ಗವಿಸಿದ್ದಯ್ಯನವರಿಗೆ, ಪಂಚಾಕ್ಷರಯ್ಯನವರ ಲೆಕ್ಕದ ಮನೆ, ಚನ್ನಪಟ್ಟಣ

ಅಪ್ಪ, ಹಲಗೆಯಲ್ಲಿ ನಿಮ್ಮ ಗೂಟದ ಬಣ್ಣ ಯಾವುದು?

ಗಿರಿಜೆ

•

ಚನ್ನಪಟ್ಟಣ
೨೮ ಸೆಪ್ಟೆಂಬರ್ ೧೯೧೬

ಗಿರಿಜವ್ವ,

ಮನೆಗೆ ಬರೆಯದೆ ಕೆಲಸದ ಜಾಗಕ್ಕೆ ಬರೆದಿದ್ದೀಯೆ, ಲಕೋಟೆಯಲ್ಲಿ ಹಾಕದೆ ಕಾರ್ಡು ಹಾಕಿದ್ದೀಯೆ. ಬೇಕೆಂದೇ ಮಾಡಿದೆ ಎಂದು ನನಗೆ ಗೊತ್ತಾಯಿತು. ಅಂಚೆಯವನು ಓದಿಕೊಂಡೇ ಒಳಗೆ ಬಂದ. ಕರೀಂ ಇಸಿದುಕೊಂಡು ಓದಿ ಹನುಮಂತಯ್ಯನಿಗೆ ಕೊಟ್ಟ. ಕೈಯಿಂದ ಕೈಗೆ ಹೋಗಿ ನನ್ನ ಮಣೆಗೆ ಬರುವಷ್ಟರಲ್ಲಿ ಎಲ್ಲರೂ ಲೇಖನಿ ಕೆಳಗಿಟ್ಟು ಹಲಗೆ ನೋಡುತ್ತಿದ್ದರು.

ನನಗೆ ಗೂಟ ಮಾಡಿಸಿರಲಿಲ್ಲ, ಮಗಳೇ. ಮಾಡಿಸಬೇಕೆಂದು ಹೊಳೆಯಲೇ ಇಲ್ಲ. ಇದು ನಿಜ.

ಮೊದಲು ಮಾತಾಡಿದವನು ಹನುಮಂತಯ್ಯ. "ಅಯ್ನೋರೆ, ಒಂದ್ ಮಾತು. ಸಿಟ್ ಮಾಡ್ಕಬ್ಯಾಡಿ. ನಂಗೆ ಬೇಕಾಗಿದ್ದು ಆರೇ ದಿನ. ಯಜಮಾನ್ರು ಯಾವಾಗ್ಲೂ ಕೇಳಿದ್ರಲ್ಲಿ ಒಸಿ ಕತ್ತರಿಸೋರು. ಅದ್ಕೆ ಎಂಟು ಕೇಳ್ದೆ. ನೀವು ಎಂಟೂ ಕೊಟ್ಬುಟ್ರಿ!"

ಕರೀಂ, "ಥೂ ನಿನ್ನ, ನಾನೊಬ್ನೇ ಕಳ್ಳ ಅಂದ್ಕಂಡಿದ್ದೆ ಕಣ್ಲಾ" ಎಂದು ನಕ್ಕುಬಿಟ್ಟ. ಅವನಿಗೂ ನಾಲ್ಕೇ ಸಾಕಂತೆ. ಚೆಲುವಯ್ಯ ಮಾತ್ರ ತಲೆ ಬಗ್ಗಿಸಿ ಕೂತಿದ್ದ. "ಏನ್ಲಾ, ನಿನ್ ಮನೆ ಮಾಡು ಅರಮನೆಯಷ್ಟು ಅಗಲವಾ?" ಎಂದು ಹನುಮಂತಯ್ಯ ತಿವಿದ ಮೇಲೆ, "ಮೂರ್ ದಿನದಾಗೆ ಆಗೋಯ್ತದೆ" ಎಂದ.

ಎಲ್ಲರೂ ಹೆಚ್ಚು ಕೇಳುವುದು ರೂಢಿ, ಕೊಡುವವನು ಕತ್ತರಿಸುವುದು ರೂಢಿ. ಅದು ನನಗೊಬ್ಬನಿಗೇ ತಿಳಿದಿರಲಿಲ್ಲ. ಯಾಕೆಂದರೆ ನಾನು ಈ ಹನ್ನೆರಡು ವರ್ಷದಲ್ಲಿ ಒಂದು ಸಲವೂ ರಜ ಕೇಳಿದವನಲ್ಲ.

ಕರೀಂ ತನ್ನ ಹದಿಮೂರು, ಹನ್ನೆರಡರ ಗೂಟ ಕಿತ್ತ. ಚೆಲುವಯ್ಯ ಹದಿನಾಲ್ಕು, ಹದಿನೈದು, ಹದಿನಾರರದು ಕಿತ್ತ. ಸಾಲಾಗಿ ಐದು ತೂತು ಬರಿದಾದವು. ನಾನು, ಬೇಡ, ಕೊಟ್ಟದ್ದು ಕೊಟ್ಟಾಯಿತು, ಹೊದಿಕೆ ಮುಗಿಯುವ ಮೊದಲು ಮಳೆ ಬಂದರೆ, ಚಾಂದ್ ಒಂದು ದಿನ ಆಚೀಚೆಯಾದರೆ, ನಾನಿಲ್ಲದಾಗ ಯಾವುದಾದರೂ ಅಂಗಡಿಯವರು ಬಂದರೆ ಎಂದು ಇನ್ನೂ ಏನೇನೋ ಹೇಳುತ್ತಿದ್ದೆ. ದಿಂಬಿಗೆ ಒರಗಿದ್ದ ಯಜಮಾನರು ಎದ್ದು ಬಂದು ನನ್ನ ಮಣೆಯನ್ನು ಕಾಲಿನಿಂದ ಸರಿಸಿ, "ಇದ್ರ ಮ್ಯಾಲೆ ನಾನ್ ಕೂತ್ಕತೀನಿ. ನಾನೂ ಗುಮಾಸ್ತನಾಗಿದ್ದೋನೆ ಕಣಯ್ಯ. ನೀನು ಎದ್ದೋಗು" ಎಂದರು.

ಇವತ್ತು ಕರೀಂ ಐದು ಗೂಟ ತಂದ. ಕಿತ್ತಳೆ ಬಣ್ಣ. "ಬೊಂಬೆಯೋನು ಯಾವ್ ಬಣ್ಣ ಹಾಕ್ಲಿ ಅಂದ. ನಮ್ಮ ಅಯ್ನೋರ್ಗೆ ಹೆದ್ರಿಕೆ ಬಣ್ಣ ಹಾಕಪ್ಪ ಅಂದೆ. ಅದು ನನ್ತಾವ ಇಲ್ಲ, ಇದ್ನೇ ತಕೊಂಡ್ ಹೋಗು ಅಂದ" ಎಂದು ಎಲ್ಲರನ್ನೂ ನಗಿಸಿದ. ಅವನೇ ಐದನ್ನೂ ಚುಚ್ಚಿದ. ನಾನು ಒಂದೊಂದನ್ನೂ ಒತ್ತಿ ನೋಡಿದೆ.

ಹನ್ನೆರಡು, ಗುರುವಾರ ಹೊರಡುತ್ತೇನೆ. ಶುಕ್ರವಾರ ಬರುತ್ತೇನೆ. ಶುಕ್ರವಾರ ಮಧ್ಯಾಹ್ನ ನೀನು ಜಗಲಿಯಲ್ಲಿ ಕೂರಬೇಡ. ಬಿಸಿಲು.

ನೀನು ಕೇಳದೆ ಬಿಟ್ಟದ್ದಕ್ಕೆ ಒಂದು ಮಾತು ಬರೆಯುತ್ತೇನೆ. ಅವತ್ತು ಮಾಗಡಿಗೆ ಆಳು ಬಂದಾಗ ಪುಸ್ತಕದಲ್ಲಿ ಒಂದು ಪುಟ ಉಳಿದಿತ್ತು. ಅದನ್ನು ಮುಗಿಸಿ ಹೊರಟೆ. ಹೆಚ್ಚು ಹೊತ್ತು ಹಿಡಿಯಲಿಲ್ಲ. ಆದರೂ ಬರುವ ಹೊತ್ತಿಗೆ ನಿನ್ನ ಅವ್ವ ಸುಂದರಮ್ಮ ಇರಲಿಲ್ಲ. ಅದಾದ ಮೇಲೆ ಆ ಕೋಣೆಗೆ ನಾನು ಸುಣ್ಣ ಹೊಡೆಸುವುದಕ್ಕಲ್ಲದೆ ಹೋಗಿಲ್ಲ.

ನಿನ್ನ ಅಪ್ಪ
ಗವಿಸಿದ್ದಯ್ಯ

•

ದೊಡ್ಡಆಲಹಳ್ಳಿ
೧೪ ಅಕ್ಟೋಬರ್ ೧೯೧೬

ಸ್ನೇಹಿತ ಕರೀಂ ಸಾಹೇಬರಿಗೆ ಗವಿಸಿದ್ದಯ್ಯನ ವಂದನೆ.

ಸುಖವಾಗಿ ತಲುಪಿದೆ. ಮಗಳು ಜಗಲಿಯಲ್ಲೇ ಕೂತಿದ್ದಳು. ಹೇಳಿದ ಮಾತು ಕೇಳುವವಳಲ್ಲ. ಕಾಲು ಅವಳು ಬರೆದದ್ದಕ್ಕಿಂತ ಹೆಚ್ಚೇ ಊದಿದೆ. ಕಾಲುಂಗುರ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡಿದ್ದಾಳೆ. ನಾನು ನೋಡಿದೆ, ಅವಳೂ ನಾನು ನೋಡಿದ್ದನ್ನು ನೋಡಿದಳು.

ನಾಳೆ ಭಾನುವಾರ ಹೊರಡುತ್ತೇವೆ. ಅವಳ ಸ್ಥಿತಿ ನೋಡಿದರೆ ಎತ್ತುಗಳನ್ನು ನಡೆಸಿಕೊಂಡೇ ಬರಬೇಕು. ಎರಡು ದಿನದ ದಾರಿಗೆ ಮೂರು ದಿನವಾಗುತ್ತದೆ. ಆದ್ದರಿಂದ ಇದನ್ನು ನನ್ನ ಅರ್ಜಿ ಎಂದು ತಿಳಿದು, ಹದಿನೇಳನೆಯ ತಾರೀಖೂ ನನಗೆ ರಜ ಕೊಡಿಸಬೇಕೆಂದು ಕೇಳಿಕೊಳ್ಳುತ್ತೇನೆ. ಆ ತೂತಿನಲ್ಲಿ ಚೆಲುವಯ್ಯನ ಹಸಿರು ಗೂಟ ಇರುವುದು ನನಗೆ ಗೊತ್ತು. ಅವನದನ್ನು ಕೀಳಬೇಡಿ. ಅವತ್ತು ಎರಡು ಮಣೆ ಬರಿದಾಗುತ್ತದೆ. ನಿಯಮ ಮಾಡಿದವನೇ ಮುರಿಯುತ್ತಿದ್ದೇನೆ ಎಂದು ಯಜಮಾನರಿಗೆ ನೀವೇ ಹೇಳಿ. ಕ್ಲೋಸ್‌ಪೇಟೆಯ ಎರಡು ಅಂಗಡಿಗಳ ಪುಸ್ತಕ ನನ್ನ ಮಣೆಯ ಎಡಗಡೆ ಇದೆ, ಕೆಂಪು ಬಟ್ಟೆ ಸುತ್ತಿದ್ದು. ಯಜಮಾನರಿಗೆ ಕನ್ನಡಕ ಸಿಗದಿದ್ದರೆ ದಿಂಬಿನ ಕೆಳಗೆ ನೋಡಲು ಹೇಳಿ.

ನಮ್ಮ ಚನ್ನಬಸಮ್ಮನಿಗೆ ಯಾರ ಕೈಲಾದರೂ ಹೇಳಿ ಕಳಿಸಿ: ಒಳಕೋಣೆಯ ಬಾಗಿಲು ತೆಗೆದು ಗಾಳಿಯಾಡಲು ಬಿಡಲಿ. ಬೀದಿ ಕಡೆಯ ಕೋಣೆಯನ್ನು ಸಿದ್ಧ ಮಾಡಿದ್ದೇನೆ ಎಂದು ಇಲ್ಲಿ ಸುಳ್ಳು ಹೇಳಿ ನೋಡಿದೆ. ಮಗಳು, "ಅಪ್ಪ, ಮೂರನೇ ಸಲ ಸುಣ್ಣ ಹೊಡೆಸಿದ್ದು ಯಾವ್ ಕೋಣೆಗೆ?" ಎಂದಳು. ಮೂರನೆಯ ಸಲದ್ದು ನಾನು ಅವಳಿಗೆ ಬರೆದೇ ಇರಲಿಲ್ಲ.

ಇನ್ನೊಂದು ರಜ ಕೇಳುವುದಿದೆ. ಅದರ ದಿನ ನನಗೆ ಗೊತ್ತಿಲ್ಲ. ಸೂಲಗಿತ್ತಿ ದೀಪಾವಳಿಯ ಹಿಂದೋ ಮುಂದೋ ಎನ್ನುತ್ತಾಳೆ. ಹಲಗೆಯಲ್ಲಿ ಅಂಥ ದಿನಕ್ಕೆ ತೂತಿಲ್ಲ, ಇದ್ದರೂ ಮೇಣ ತುಂಬಿದವನು ನಾನೇ. ಒಂದು ಕಿತ್ತಳೆ ಗೂಟವನ್ನು ಹಲಗೆಯ ಮೇಲಂಚಿನಲ್ಲಿ ಸುಮ್ಮನೆ ಇಟ್ಟಿರಿ. ಮನೆಯಿಂದ ಆಳು ಬಂದ ಗಳಿಗೆಯಲ್ಲಿ ನಾನು ಎದ್ದು ಹೋಗುತ್ತೇನೆ, ಪುಟ ಎಲ್ಲಿಗೆ ನಿಂತಿದ್ದರೂ ಸರಿ. ಉಳಿದದ್ದನ್ನು ನೀವು ಬರೆಯಿರಿ.

ದೀಪಾವಳಿಯ ಮುಂಚಿನ ಮಾಗಡಿ ಕೆಲಸಕ್ಕೆ ಈ ವರ್ಷ ಮರಿಯಪ್ಪ ಹೋಗಲಿ. ನಾನು ಹೋಗುವುದಿಲ್ಲ.

ಇಂತಿ
ಗವಿಸಿದ್ದಯ್ಯ